ಹನ್ನೊಂದು ಪೆಟ್ಟಿನ ಝಪ್ರಿಯಾನ

ಪ್ಲೊವ್ದಿವ್‌ನ ತಂಬಾಕು ಗೋದಾಮಿನಲ್ಲಿ ಎಲೆ ವಿಂಗಡಿಸುವ ಹೆಂಗಸರು ಝಪ್ರಿಯಾನನಿಗೆ 'ಟಕಟಕ' ಎಂದು ಹೆಸರಿಟ್ಟಿದ್ದರು. ಹೊರೆ ಕಟ್ಟುವ ಯಂತ್ರದ ಪಕ್ಕ ನಿಂತಿರುತ್ತಿದ್ದ ಅವನ ಕೈ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಪೆಟ್ಟಿಗೆ ಸಿಕ್ಕರೆ ಪೆಟ್ಟಿಗೆ, ಕಂಬಿ ಸಿಕ್ಕರೆ ಕಂಬಿ, ಏನೂ ಸಿಗದಿದ್ದರೆ ತನ್ನದೇ ತೊಡೆ, ಬಡಿಯುತ್ತಲೇ ಇರಬೇಕು. ಆ ಹೆಂಗಸರಲ್ಲಿ ನಾಲಿಗೆ ಹರಿತವಾಗಿದ್ದವಳು ದೋನ್ಕಾ. "ಏ ಟಕಟಕ, ನಿನ್ನ ಕಟ್ಕೊಳ್ಳೋಳಿಗೆ ಉಂಗುರಕ್ಕಿಂತ ಮೊದ್ಲು ಕಿವಿಗೆ ತುರುಕೋಕೆ ಹತ್ತಿ ಕೊಡ್ಸಪ್ಪಾ" ಎಂದು ಒಂದು ದಿನ ಇಡೀ ಸಾಲನ್ನೇ ನಗಿಸಿದ್ದಳು. ಮರುವರ್ಷ ಅವಳೇ ಅವನನ್ನು ಕಟ್ಟಿಕೊಂಡಳು. ಮದುವೆಯ ದಿನ ಗೆಳತಿಯರು ಬಣ್ಣದ ಕಾಗದದಲ್ಲಿ ಸುತ್ತಿದ ಒಂದು ಹತ್ತಿಯ ಉಂಡೆಯನ್ನು ಅವಳ ಕೈಗಿಟ್ಟು ಓಡಿಹೋಗಿದ್ದರು.

ಝಪ್ರಿಯಾನನ ಹುಟ್ಟೂರು ಸ್ರೆದ್ನಾ ಗೋರಾ ಬೆಟ್ಟಸಾಲಿನ ಬುಡದಲ್ಲಿದ್ದ ಕ್ರುಶೊವೊ ಎಂಬ ಹಳ್ಳಿ. ಅಪ್ಪ ಕಾನ್ಯೊ ಸುತ್ತಮುತ್ತಲ ಮದುವೆಗಳಿಗೆಲ್ಲ ಡೋಲು ಬಾರಿಸುತ್ತಿದ್ದವನು. ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ತೆಳುವಾದ ಛಡಿ, ಹೊಟ್ಟೆಯ ಮೇಲೆ ಕರುವಿನಷ್ಟು ದೊಡ್ಡ ಡೋಲು. ಆ ಊರುಗಳಲ್ಲಿ ಯಾರೂ ನಾಲ್ಕು ಪೆಟ್ಟಿಗೆ ಕುಣಿಯುವವರಲ್ಲ. ರಾಚೆನಿತ್ಸಾ ಕುಣಿತಕ್ಕೆ ಏಳು ಪೆಟ್ಟು, ತಕ ತಕ ತಕಿಟ. ಕೊಪನಿತ್ಸಾಕ್ಕೆ ಹನ್ನೊಂದು, ತಕ ತಕ ತಕಿಟ ತಕ ತಕ, ಎರಡೆರಡರ ನಡುವೆ ಒಂದು ಉದ್ದದ ಮೂರು. ಬಾಯಲ್ಲಿ ಎಣಿಸಿದವರನ್ನು ಯಾರೂ ಕಂಡಿರಲಿಲ್ಲ. ಮಕ್ಕಳು ನಡೆಯಲು ಕಲಿಯುವಾಗಲೇ ಕಾಲಿಗೆ ಅದು ಅಂಟಿಕೊಳ್ಳುತ್ತಿತ್ತು.

ಝಪ್ರಿಯಾನನಿಗೂ ಅಂಟಿಕೊಂಡಿತ್ತು. ಅವನು ಅದನ್ನು ಉಜ್ಜಿ ತೊಳೆದುಕೊಳ್ಳಲು ನೋಡಿದ. ಸೈನ್ಯದ ಬ್ಯಾಂಡಿಗೆ ಸೇರಿದಾಗ ಮೊದಲ ಬಾರಿ ಕೂತು ಬಾರಿಸುವ ಡ್ರಮ್ಮುಗಳನ್ನೂ ತಟ್ಟೆತಾಳಗಳನ್ನೂ ನೋಡಿದ. ಒಬ್ಬ ಸಾರ್ಜೆಂಟ್ ಅವನಿಗೆ ಜಾಝಿನ ನಾಲ್ಕು ಪೆಟ್ಟು ಹೇಳಿಕೊಟ್ಟ. ಆ ನಾಲ್ಕರಲ್ಲಿ ಅವನಿಗೆ ಪಟ್ಟಣ ಕಂಡಿತು, ಪಾಲಿಶ್ ಹಾಕಿದ ಷೂ ಕಂಡಿತು, ಇಸ್ತ್ರಿ ಮಾಡಿದ ಪ್ಯಾಂಟು ಕಂಡಿತು. ಹನ್ನೊಂದರಲ್ಲಿ ಕುರಿಯ ಉಣ್ಣೆ ಮತ್ತು ಅಪ್ಪನ ಬೆವರಿನ ವಾಸನೆ ಇತ್ತು. ಸೈನ್ಯದಿಂದ ಬಿಡುಗಡೆಯಾದ ಮೇಲೆ ಅವನು ಹಳ್ಳಿಗೆ ಹೋಗದೆ ಪ್ಲೊವ್ದಿವ್‌ನಲ್ಲೇ ಉಳಿದ. ತಂಬಾಕು ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಗೋದಾಮಿಗೆ ಅಂಟಿಕೊಂಡ ಸಂಸ್ಕೃತಿ ಭವನದಲ್ಲಿ ಒಂದು ಜಾಝ್ ಬ್ಯಾಂಡ್ ಇತ್ತು. ಕೆಲಸಕ್ಕೆ ಸೇರಿದ ವಾರದಲ್ಲೇ ಅವನು ಅಲ್ಲಿಯ ಡ್ರಮ್ಮಿನ ಹಿಂದೆ ಕೂತಿದ್ದ.

ದೊಡ್ಡ ಬ್ಯಾಂಡು ಅದು. ಮುಂದಿನ ಸಾಲಿನಲ್ಲಿ ಸ್ಯಾಕ್ಸೊಫೋನುಗಳು, ಅದರ ಹಿಂದೆ ಟ್ರಾಂಬೋನುಗಳು, ಎಲ್ಲಕ್ಕೂ ಹಿಂದೆ ಎದ್ದು ನಿಂತು ಊದುವ ಕಹಳೆಗಳು. ಊದುವವರಲ್ಲಿ ಗೋದಾಮಿನವರೇ ಹೆಚ್ಚು. ಒಬ್ಬ ಟ್ರಾಲಿಬಸ್ ಚಾಲಕನಿದ್ದ, ಒಬ್ಬ ದಂತವೈದ್ಯನಿದ್ದ. ಬ್ಯಾಂಡನ್ನು ನಡೆಸುತ್ತಿದ್ದವರು ಬೊಗೊಮಿಲ್ ತೆರ್ಝಿಯೆವ್. ಸಣಕಲು ಮೈ, ಸದಾ ಕೆಮ್ಮು, ಹಗಲು ಹೊತ್ತು ಶಾಲಾಮಕ್ಕಳಿಗೆ ಅಕಾರ್ಡಿಯನ್ ಪಾಠ. ಎಲ್ಲರೂ ಅವರನ್ನು ಮಾಸ್ತರೇ ಎನ್ನುತ್ತಿದ್ದರು. ಮುಂದಿನ ಸಾಲಿನ ತುದಿಯಲ್ಲಿ ಕೂರುತ್ತಿದ್ದವನು ಗರ್ಬಿಸ್, ಅರ್ಮೇನಿಯನ್ ಚಮ್ಮಾರನ ಮಗ. ಸ್ಯಾಕ್ಸೊಫೋನನ್ನೂ ಕ್ಲಾರಿನೆಟ್ಟನ್ನೂ ಒಂದೇ ಸಲೀಸಿನಲ್ಲಿ ನುಡಿಸುತ್ತಿದ್ದ, ಬಾಯಿ ಬಿಟ್ಟರೆ ತಮಾಷೆ. ಝಪ್ರಿಯಾನನಿಗೆ ಪಟ್ಟಣದಲ್ಲಿ ಸಿಕ್ಕ ಮೊದಲ ಗೆಳೆಯ ಅವನೇ. ಅಭ್ಯಾಸ ಮುಗಿಸಿ ಇಬ್ಬರೂ ಮೂಲೆಯ ಹೋಟೆಲಿನಲ್ಲಿ ಬೆಳ್ಳುಳ್ಳಿ-ವಿನೆಗರ್ ಸುರಿದ ಬೋಟಿ ಸಾರು ಕುಡಿದು, ಬೆವರೊರೆಸಿಕೊಂಡು ಮನೆಗೆ ಹೋಗುತ್ತಿದ್ದರು.

ಆಗ ಕಮ್ಯುನಿಸ್ಟ್ ಆಡಳಿತ, ಪಟ್ಟಣದ ಸಾಂಸ್ಕೃತಿಕ ಸಮಿತಿಗೆ ಈ ಬ್ಯಾಂಡನ್ನು ಕಂಡರೆ ಅಷ್ಟಕ್ಕಷ್ಟೆ. ಅಮೆರಿಕದ ರಾಗಗಳು ಹೆಚ್ಚಾದವೆಂದು ಪ್ರತಿವರ್ಷ ಒಂದು ಎಚ್ಚರಿಕೆ ಬರುತ್ತಿತ್ತು. ಒಂದು ಶರತ್ಕಾಲದಲ್ಲಿ ತೆರ್ಝಿಯೆವ್ ಹೊಸ ಸ್ವರಹಾಳೆಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಝಪ್ರಿಯಾನ ತನ್ನ ಹಾಳೆ ಬಿಡಿಸಿ ನೋಡಿದವನು ತಲೆಯೆತ್ತಿದ.

"ಮಾಸ್ತರೇ, ಇದು ಕೊಪನಿತ್ಸಾ."

"ಹೌದು. ಕಣ್ಣು ಚೆನ್ನಾಗಿದೆ ನಿಂಗೆ."

"ನಾನು ಇದನ್ನ ಬಿಟ್ಟು ಬರೋಕೇ ಅಲ್ವಾ ಊರು ಬಿಟ್ಟಿದ್ದು?"

"ನೋಡಪ್ಪ, ಮೇಲೆ 'ಜಾನಪದ' ಅಂತ ಬರೆದ್ರೆ ಸಮಿತಿಯವರ ಬಾಯಿ ಮುಚ್ಚುತ್ತೆ. ಕೆಳಗೆ ನಾವು ಏನ್ ಬೇಕಾದ್ರೂ ಮಾಡ್ಕೋಬಹುದು." ತೆರ್ಝಿಯೆವ್ ಕೆಮ್ಮಿ, ದನಿ ತಗ್ಗಿಸಿದರು. "ಅದೊಂದೇ ಅಲ್ಲ. ಆ ಅಮೆರಿಕದೋರು ನುಡಿಸೋದನ್ನ ಅವರಷ್ಟು ಚೆನ್ನಾಗಿ ನಾವು ಯಾವತ್ತೂ ನುಡಿಸಲ್ಲ. ಇದನ್ನ ಅವರು ನುಡಿಸಲಿ ನೋಡೋಣ."

ಆ ಚಳಿಗಾಲವಿಡೀ ಬ್ಯಾಂಡು ಆ ಹನ್ನೊಂದರೊಡನೆ ಗುದ್ದಾಡಿತು. ದಂತವೈದ್ಯ ಟ್ರಾಂಬೋನು ಕೆಳಗಿಟ್ಟು ಬೆರಳು ಮಡಿಚಿ ಎಣಿಸುತ್ತಿದ್ದ. ಟ್ರಾಲಿಬಸ್ ಚಾಲಕ, "ಮಾಸ್ತರೇ, ಈ ಮೂರರ ಹತ್ರ ಒಂದು ನಿಲ್ದಾಣ ಕೊಡಿ, ಜನ ಇಳ್ಕೊಳ್ಲಿ" ಎಂದು ಗೊಣಗುತ್ತಿದ್ದ. ಹಳ್ಳಿಯಿಂದ ಬಂದವರಿಗೆ ಪೆಟ್ಟು ಸಲೀಸು, ಆದರೆ ಅವರು ನುಡಿಸಿದರೆ ಮದುವೆ ಮೆರವಣಿಗೆ ಹೊರಟಂತೆ ಕೇಳುತ್ತಿತ್ತು. ಪಟ್ಟಣದವರಿಗೆ ಜಾಝಿನ ತೂಗು ಗೊತ್ತಿತ್ತು, ಪೆಟ್ಟು ಕೈಗೆ ಸಿಗುತ್ತಿರಲಿಲ್ಲ. ಎಲ್ಲರಿಗಿಂತ ಹೆಚ್ಚು ತಿಣುಕಿದವನು ಝಪ್ರಿಯಾನನೇ. ಅವನ ಕೈ ಕ್ರುಶೊವೊದಲ್ಲಿತ್ತು, ಕಾಲು ಸೈನ್ಯದ ಸಾರ್ಜೆಂಟನ ಹತ್ತಿರವಿತ್ತು. ಎರಡನ್ನೂ ಒಂದೇ ಮೈಯೊಳಗೆ ಕೂಡಿಸುವುದು ಆಗುತ್ತಲೇ ಇರಲಿಲ್ಲ. ಮನೆಯಲ್ಲಿ ಊಟದ ಮೇಜಿನ ಮೇಲೆ ಎರಡು ಚಮಚ ಹಿಡಿದು ಬಡಿಯುತ್ತಿದ್ದ. ದೋನ್ಕಾ ತಟ್ಟೆ ಎತ್ತಿಕೊಂಡು ಹೋಗಿ ಕಿಟಕಿಯ ಕಟ್ಟೆಯ ಮೇಲಿಟ್ಟು ಉಣ್ಣುತ್ತಿದ್ದಳು.

ವಸಂತದ ಹೊತ್ತಿಗೆ ಒಂದು ಸಂಜೆ ಅದು ಕೂಡಿಬಂತು. ಯಾಕೆ ಎಂದು ಯಾರಿಗೂ ಹೇಳಲಾಗಲಿಲ್ಲ. ಝಪ್ರಿಯಾನ ಕಾಲಿನ ಡ್ರಮ್ಮನ್ನು ಪೂರ್ತಿ ಬಿಟ್ಟುಬಿಟ್ಟಿದ್ದ, ತಟ್ಟೆತಾಳದ ಮೇಲೆ ಕಡ್ಡಿಯ ತುದಿ ಮಾತ್ರ ಓಡುತ್ತಿತ್ತು. ಆ ಮೂರರ ಉದ್ದ ಪೆಟ್ಟು ಬಂದಾಗಲೆಲ್ಲ ಇಡೀ ಬ್ಯಾಂಡು ಒಂದು ಕೂದಲೆಳೆಯಷ್ಟು ತಡೆದು, ಆಮೇಲೆ ಒಟ್ಟಿಗೆ ಮುಂದಕ್ಕೆ ಬಿದ್ದಂತೆ ಹೋಗುತ್ತಿತ್ತು. ಹಿಂದಿನಿಂದ ಕಹಳೆಗಳು ಎದ್ದು ನಿಂತು ಊದಿದವು. ಗರ್ಬಿಸ್ ಕ್ಲಾರಿನೆಟ್ಟನ್ನು ಮೇಲೆತ್ತಿ, ಹಾಳೆಯಲ್ಲಿಲ್ಲದ್ದನ್ನೆಲ್ಲ ನುಡಿಸಿ, ಮುಗಿದ ಮೇಲೆ ಹಿಂತಿರುಗಿ ಝಪ್ರಿಯಾನನನ್ನು ನೋಡಿದ. ಗರ್ಬಿಸನ ಕಣ್ಣು ತುಂಬಿತ್ತು. ತಮಾಷೆ ಮಾಡಲು ಬಾಯಿ ತೆರೆದವನಿಗೆ ಏನೂ ಹೊಳೆಯಲಿಲ್ಲ. ಝಪ್ರಿಯಾನ ತನ್ನ ಬದುಕಿನಲ್ಲಿ ಸಂತೋಷವೆಂದು ಹೇಳಿಕೊಳ್ಳಬಹುದಾದದ್ದು ಆ ಸಂಜೆ, ಆಮೇಲಿನ ಒಂದೆರಡು ವರ್ಷ. ತೆರ್ಝಿಯೆವ್ ಆ ಕೃತಿಗೆ 'ಕಲ್ಲುದಾರಿ' ಎಂದು ಹೆಸರಿಟ್ಟರು.

ಸಂಸ್ಕೃತಿ ಭವನದಲ್ಲಿ ಅದನ್ನು ಮೊದಲ ಬಾರಿ ಜನರೆದುರು ನುಡಿಸಿದ ದಿನ ಝಪ್ರಿಯಾನ ಅಪ್ಪನನ್ನು ಕರೆಸಿಕೊಂಡಿದ್ದ. ಕಾನ್ಯೊ ಕರಿಯ ಕೋಟು ತೊಟ್ಟು, ಮೂರನೆಯ ಸಾಲಿನಲ್ಲಿ ಮಂಡಿಯ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದ. ಮುಗಿದ ಮೇಲೆ ಹೊರಗೆ ಮೆಟ್ಟಿಲ ಹತ್ತಿರ ಮಗ ಅವನೆದುರು ಬಂದು ನಿಂತ.

"ಹೇಗಿತ್ತಪ್ಪಾ?"

"ಜೋರಾಗಿತ್ತು."

"ಅದಲ್ಲ. ಗುರುತು ಸಿಕ್ತಾ?"

"ಸಿಕ್ತು. ನನ್ನ ಕೊಪನಿತ್ಸಾಗೆ ಕೋಟು ತೊಡಿಸಿ ನಿಲ್ಸಿದೀಯ." ಕಾನ್ಯೊ ಟೋಪಿ ಹಾಕಿಕೊಂಡ. "ಒಬ್ಬನಾದ್ರೂ ಎದ್ದು ಕುಣಿದ್ನೇನೋ? ಅಷ್ಟೊಂದು ಜನ ಕೈ ಕಟ್ಕೊಂಡು ಕೂತು ಕೇಳಿದ್ರು, ಹೆಣದ ಮುಂದೆ ಕೂತ ಹಾಗೆ."

"ಇದು ಕೂತು ಕೇಳೋ ಸಂಗೀತ ಅಪ್ಪಾ."

"ಹಾಗಾದ್ರೆ ಕೂತಿರಿ" ಎಂದು ಮುದುಕ ಬಸ್ಸಿಗೆ ಹೋದ. ಅವನು ಮತ್ತೆ ಮಗನ ಬ್ಯಾಂಡನ್ನು ಕೇಳಲಿಲ್ಲ, ಎರಡು ಚಳಿಗಾಲ ಕಳೆದು ತೀರಿಕೊಂಡ. ಕಾರ್ಯಕ್ರಮ ನಡೆದ ದಿನವೇ ಸಮಿತಿಯ ಸದಸ್ಯನೊಬ್ಬ ತೆರ್ಝಿಯೆವ್ ಅವರನ್ನು ಪಕ್ಕಕ್ಕೆ ಕರೆದು, ಜಾನಪದವನ್ನು ಹೀಗೆ ಅಮೆರಿಕದ ಉಡುಪಿನಲ್ಲಿ ಕುಣಿಸುವುದು ಸರಿಯೇ ಎಂದು ಕೇಳಿದ್ದ. ಹಳ್ಳಿಯವರಿಗೂ ಬೇಡವಾದ, ಸಮಿತಿಗೂ ಬೇಡವಾದ ಆ ಕೃತಿ ಹೇಗೋ ರೇಡಿಯೊದವರ ಕಿವಿಗೆ ಬಿತ್ತು. ಅವರು ಸೋಫಿಯಾಕ್ಕೆ ಕರೆಸಿ ಧ್ವನಿಮುದ್ರಣ ಮಾಡಿಕೊಂಡರು. ಅದಾದ ಕೆಲವೇ ತಿಂಗಳಲ್ಲಿ ಯುಗೊಸ್ಲಾವಿಯಾದ ಒಂದು ಜಾಝ್ ಉತ್ಸವದಿಂದ ಬ್ಯಾಂಡಿಗೆ ಕರೆ ಬಂತು.

ಪಾಸ್‌ಪೋರ್ಟಿಗಾಗಿ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದರು. ಝಪ್ರಿಯಾನನನ್ನು ಕರೆದ ಅಧಿಕಾರಿ ಪೆನ್ಸಿಲ್ ಚೂಪು ಮಾಡುತ್ತಾ ಕೂತಿದ್ದ.

"ನಿಮ್ಮ ಚಿಕ್ಕಪ್ಪ ಈಗೆಲ್ಲಿದಾರೆ?"

"ನಂಗೊತ್ತಿಲ್ಲ ಸ್ವಾಮಿ. ನಾನು ಮಗುವಾಗಿದ್ದಾಗ್ಲೇ ಗ್ರೀಸಿನ ಗಡಿ ದಾಟಿ ಹೋದ್ರಂತೆ."

"ಗೊತ್ತಿಲ್ಲ ಅಂದ್ರಿ. ಆಮೇಲೆ ಗ್ರೀಸ್ ಅಂದ್ರಿ."

"ಅಂದ್ರೆ... ಜನ ಹೇಳ್ತಾರೆ."

"ನಮ್ಮ ಹತ್ರಾನೂ ಜನ ಹೇಳ್ತಾರೆ" ಎಂದು ಅವನು ಪೆನ್ಸಿಲಿನ ತುದಿ ಊದಿದ.

ಎಲ್ಲರಿಗೂ ಪಾಸ್‌ಪೋರ್ಟು ಬಂತು, ಝಪ್ರಿಯಾನನೊಬ್ಬನಿಗೆ ಬರಲಿಲ್ಲ. ಸೋಫಿಯಾದಿಂದ ಬೇರೊಬ್ಬ ಡ್ರಮ್ಮರನನ್ನು ಕಳಿಸಿಕೊಟ್ಟರು, ಕಲ್ಲುದಾರಿಯನ್ನು ಅವನಿಗೆ ಕಲಿಸುವ ಕೆಲಸ ಝಪ್ರಿಯಾನನದೇ ಆಯಿತು. ಕಲಿಸಿದ. ದೋನ್ಕಾ ಬೈದಳು: "ನಿನ್ನ ಕುರ್ಚಿ ಕಿತ್ಕೊಳ್ಳೋನಿಗೆ ನೀನೇ ಕುರ್ಚಿ ಒರೆಸಿ ಕೊಡ್ತೀಯಲ್ಲ, ನಿನ್ನಂಥೋನು ಎಲ್ಲೂ ಇಲ್ಲ." ಹೋಗುವುದು ತಪ್ಪಿದ್ದಕ್ಕಿಂತ, ಆ ಮೂರರ ಹತ್ತಿರ ಹೊಸಬ ತಡೆಯದೆ ಓಡಿಬಿಟ್ಟರೆ ಏನು ಗತಿ ಎಂಬುದೇ ಅವನಿಗೆ ದೊಡ್ಡದಾಗಿ ಕಾಣುತ್ತಿತ್ತು.

ಹೊರಡುವ ದಿನ ರೈಲುನಿಲ್ದಾಣಕ್ಕೆ ಹೋಗಿ ಎಲ್ಲರನ್ನೂ ಕಳಿಸಿ ಬಂದ. ಗರ್ಬಿಸ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ನಿಂತಿದ್ದ.

"ನಿಂಗೇನು ತರ್ಲೋ?"

"ಒಳ್ಳೆ ಕಾಫಿಪುಡಿ ತಗೊಂಡ್ಬಾ. ದೋನ್ಕಾಗೆ."

"ಅವಳ ಬಾಯಿಗೆ ಕಾಫಿ ಯಾಕಯ್ಯಾ, ಬೀಗ ತರ್ತೀನಿ" ಎಂದು ಗರ್ಬಿಸ್ ನಕ್ಕ. ರೈಲು ಚಲಿಸಿದ ಮೇಲೂ ಕೈ ಬೀಸುತ್ತಲೇ ಇದ್ದ.

ಬ್ಯಾಂಡು ಹಿಂದಿರುಗಿತು, ಗರ್ಬಿಸ್ ಬರಲಿಲ್ಲ. ಉತ್ಸವದ ಕೊನೆಯ ದಿನ ಸಿಗರೇಟು ತರುತ್ತೇನೆಂದು ಹೋದವನು ಗಡಿ ದಾಟಿ ಇಟಲಿಗೆ ಇಳಿದಿದ್ದ. ಮಾರನೆಯ ವಾರ ಪೊಲೀಸರು ಝಪ್ರಿಯಾನನನ್ನು ಗೋದಾಮಿನಿಂದಲೇ ಕರೆದೊಯ್ದರು. ಈ ಬಾರಿ ಬೇರೆ ಅಧಿಕಾರಿ, ವಯಸ್ಸಾದವನು, ಮಾತಿನಲ್ಲಿ ಒರಟುತನವಿರಲಿಲ್ಲ.

"ನಿಮ್ಗೆ ಮೊದ್ಲೇ ಹೇಳಿದ್ದ ಅಲ್ವಾ?"

"ಇಲ್ಲ."

"ಒಂದೇ ಬಟ್ಟಲಲ್ಲಿ ಸಾರು ಕುಡಿದೋರು ನೀವು. ಹೇಳ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?"

"ದೇವರಾಣೆ ಹೇಳ್ಲಿಲ್ಲ ಸ್ವಾಮಿ. ಕಾಫಿಪುಡಿ ತರ್ತೀನಿ ಅಂತ ಹೇಳಿ ಹೋದ."

ಅಧಿಕಾರಿ ಅವನ ಮುಖವನ್ನು ತುಂಬ ಹೊತ್ತು ನೋಡಿದ. ಆಮೇಲೆ ಕನಿಕರದ ದನಿಯಲ್ಲೇ ಅಂದ: "ಹಾಗಾದ್ರೆ ಅವನು ನಿಮ್ಮನ್ನ ಗೆಳೆಯ ಅಂತ ತಿಳ್ಕೊಂಡೇ ಇರ್ಲಿಲ್ಲ ಬಿಡಿ."

ಪಕ್ಕದ ಕೋಣೆಯಲ್ಲಿ ಅವನನ್ನು ಹೊಡೆದರು. ಆ ನೋವು ಕೆಲವು ದಿನಗಳಲ್ಲಿ ಆರಿತು. ಈ ಮಾತು ಆರಲಿಲ್ಲ.

ಬ್ಯಾಂಡನ್ನು ಮುಚ್ಚಿದರು. ರೇಡಿಯೊದಲ್ಲಿದ್ದ ಟೇಪನ್ನು ಅಳಿಸಿ, ಅದರ ಮೇಲೆ ಬೇರೇನನ್ನೋ ಮುದ್ರಿಸಿಕೊಂಡರೆಂದು ಸುದ್ದಿ ಬಂತು. ಸ್ವರಹಾಳೆಗಳು ಸಮಿತಿಯ ಕಪಾಟಿಗೆ ಹೋದವು, ಅಲ್ಲಿಂದಾಚೆ ಅವನ್ನು ಯಾರೂ ನೋಡಲಿಲ್ಲ. ತೆರ್ಝಿಯೆವ್ ಅವರನ್ನು ಡ್ಯಾನ್ಯೂಬ್ ದಂಡೆಯ ಒಂದು ಸಣ್ಣ ಊರಿನ ಶಾಲೆಗೆ ವರ್ಗ ಮಾಡಿದರು. ಹೊರಡುವ ಮುನ್ನ ಅವರು ಝಪ್ರಿಯಾನನ ಮನೆಗೆ ಬಂದು, ಅಡುಗೆಮನೆಯಲ್ಲಿ ಕೂತು ಒಂದು ಲೋಟ ರಕಿಯಾ ಸಾರಾಯಿ ಕುಡಿದರು.

"ಅಲ್ಲಿ ಹೇಗೆ ನುಡಿಸಿದ್ರಿ ಮಾಸ್ತರೇ?"

"ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು."

"ಅದಲ್ಲ. ಮೂರರ ಹತ್ರ?"

ತೆರ್ಝಿಯೆವ್ ಖಾಲಿ ಲೋಟವನ್ನು ಮೇಜಿನ ಮೇಲೆ ತಿರುಗಿಸಿದರು. "ಓಡಿಬಿಟ್ಟ" ಎಂದರು. ಝಪ್ರಿಯಾನ ತಲೆಯಾಡಿಸಿದ. ಅದೊಂದು ಮಾತಿನಿಂದ ಅವನಿಗೆ ಸ್ವಲ್ಪ ನೆಮ್ಮದಿಯೂ ಆಯಿತು. ಮಾಸ್ತರರು ಆ ಊರಿನಲ್ಲಿ ಕುಡಿತಕ್ಕೆ ಬಿದ್ದು, ಬಹಳ ದಿನ ಬಾಳಲಿಲ್ಲ.

ಝಪ್ರಿಯಾನನನ್ನು ಕೆಲಸದಿಂದ ತೆಗೆಯಲಿಲ್ಲ, ಎಲೆ ಕತ್ತರಿಸುವ ಯಂತ್ರಗಳಿದ್ದ ವಿಭಾಗಕ್ಕೆ ಹಾಕಿದರು. ಅಲ್ಲಿಯ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ವರ್ಷಗಳು ಕಳೆದಂತೆ ಅವನ ಎಡಗಿವಿ ಮಂದವಾಯಿತು. ಗೋದಾಮಿನ ವಾದ್ಯಗಳಲ್ಲಿ ಮೆರವಣಿಗೆಯ ದೊಡ್ಡ ಡ್ರಮ್ಮು ಮಾತ್ರ ಉಳಿದಿತ್ತು. ಮೇ ತಿಂಗಳ ಹಬ್ಬಕ್ಕೂ ಸೆಪ್ಟೆಂಬರಿನ ಹಬ್ಬಕ್ಕೂ ಝಪ್ರಿಯಾನ ಅದನ್ನು ಹೆಗಲಿಗೆ ಹಾಕಿಕೊಂಡು ಕಾರ್ಮಿಕರ ಮುಂದೆ ನಡೆಯಬೇಕಿತ್ತು. ಎಡ, ಬಲ, ಎಡ, ಬಲ. ಅದಕ್ಕಾಗಿ ವಾರಗಟ್ಟಲೆ ಅಂಗಳದಲ್ಲಿ ಅಭ್ಯಾಸ. ಬೇರೆ ಎಲ್ಲೂ ಬಾರಿಸಬಾರದೆಂದು ಅವನಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಮದುವೆ ಬ್ಯಾಂಡಿನವರಾಗಲೀ ಹೋಟೆಲಿನವರಾಗಲೀ ಅವನನ್ನು ಕರೆಯುತ್ತಿರಲಿಲ್ಲ. ಊಟದ ಮೇಜಿನ ಮೇಲೆ ಚಮಚ ಬಡಿಯುವುದೂ ಯಾವಾಗಲೋ ನಿಂತುಹೋಗಿತ್ತು. ಅದು ನಿಂತದ್ದನ್ನು ಗಮನಿಸಿದವಳು ದೋನ್ಕಾ ಒಬ್ಬಳೇ. ಮಕ್ಕಳಾಗದ ಮನೆ, ಅದಕ್ಕಿದ್ದ ಸದ್ದು ಅದೊಂದೇ. "ಏನಾದ್ರೂ ಬಡಿಯೋ ಮಾರಾಯಾ" ಎಂದು ಒಂದೆರಡು ಬಾರಿ ಹೇಳಿಯೂ ನೋಡಿದಳು. ಅವನು ನಕ್ಕು, ಪತ್ರಿಕೆ ಮಡಿಚಿಟ್ಟು ಮಲಗಲು ಹೋದ.

ಸರ್ಕಾರ ಬಿತ್ತು. ಗೋಡೆಯ ಮೇಲಿನ ನಾಯಕರ ಚಿತ್ರಪಟಗಳು ಇಳಿದವು. ಯಾರು ಬೇಕಾದರೂ ಎಲ್ಲಿಗೆ ಬೇಕಾದರೂ ಹೋಗಬಹುದು, ಯಾವ ರಾಗವನ್ನು ಬೇಕಾದರೂ ನುಡಿಸಬಹುದು ಎಂದಾಯಿತು. ಗೋದಾಮು ಮುಚ್ಚಿತು. ಸಂಸ್ಕೃತಿ ಭವನದಲ್ಲಿ ಯಾರೋ ಸೋಫಾಗಳನ್ನು ಮಾರತೊಡಗಿದರು. ಝಪ್ರಿಯಾನನಿಗೆ ಒಂದು ವಾಹನ ನಿಲ್ದಾಣದಲ್ಲಿ ಕಾವಲು ಕಾಯುವ ಕೆಲಸ ಸಿಕ್ಕಿತು. ತಗಡಿನ ಗೂಡಿನಲ್ಲಿ ಕೂತು, ಹೋಗಿಬರುವ ಕಾರುಗಳಿಗೆ ಸರಪಳಿ ಎತ್ತಿ ಇಳಿಸುತ್ತಿದ್ದ.

ಒಂದು ಸೆಪ್ಟೆಂಬರಿನಲ್ಲಿ ದೋನ್ಕಾ ಓಡೋಡಿ ಆ ಗೂಡಿಗೆ ಬಂದಳು. "ನಿನ್ನ ಕಾಫಿಪುಡಿ ಬಂದಿದಾನೆ" ಎಂದಳು. ಅವಳ ಹಿಂದೆ ಬೆಳ್ಳಿಕೂದಲಿನ, ಸ್ಥೂಲದೇಹದ, ಒಳ್ಳೆಯ ಕೋಟು ತೊಟ್ಟ ಗರ್ಬಿಸ್ ನಿಂತಿದ್ದ. ಜರ್ಮನಿಯ ಕಲೋನ್‌ನಲ್ಲಿ ನೆಲೆಸಿ, ಅಲ್ಲಿಯ ಒಂದು ದೊಡ್ಡ ಜಾಝ್ ಬ್ಯಾಂಡನ್ನು ನಡೆಸುತ್ತಿದ್ದನಂತೆ. ಆ ಬ್ಯಾಂಡು ಪ್ಲೊವ್ದಿವ್‌ನ ಹಳೆಯ ಬಯಲು ರಂಗಮಂದಿರದಲ್ಲಿ ಆ ಸಂಜೆಯೇ ನುಡಿಸುವುದಿತ್ತು. ಇಬ್ಬರೂ ಗೂಡಿನೆದುರು ಹಾಲೋ ಬ್ಲಾಕುಗಳ ಮೇಲೆ ಕೂತರು.

"ಯಾಕೋ ಹೇಳ್ಲಿಲ್ಲ ನಂಗೆ?" ಎಂದ ಝಪ್ರಿಯಾನ.

"ಹೇಳಿದ್ರೆ ನಿನ್ನ ಹೊಡೀತಿದ್ರು ಕಣೋ. ನಿಂಗೆ ಸುಳ್ಳು ಹೇಳೋಕೆ ಬರಲ್ಲ. ಮುಖದಲ್ಲೇ ಗೊತ್ತಾಗ್ತಿತ್ತು."

"ಹೇಳದಿದ್ರೂ ಹೊಡೆದ್ರು."

ಗರ್ಬಿಸ್ ಕೈಯಲ್ಲಿದ್ದ ಟೋಪಿಯನ್ನು ನೋಡಿಕೊಂಡ. ಆಮೇಲೆ, "ಕಲ್ಲುದಾರೀನ ನೆನಪಿನಿಂದ ಪೂರ್ತಿ ಮತ್ತೆ ಬರೆದೆ. ಮಾಸ್ತರ ಹೆಸರು ಹಾಕಿದೀನಿ. ಪ್ರತಿ ಕಾರ್ಯಕ್ರಮದಲ್ಲೂ ನುಡಿಸ್ತೀವಿ. ಪ್ರತಿಸಲಾನೂ ಜನರಿಗೆ ನಿನ್ನ ವಿಷಯ ಹೇಳ್ತೀನಿ, ಹೀಗೊಬ್ಬ ಡ್ರಮ್ಮರ್ ಇದ್ದ ಅಂತ. ಇವತ್ತು ನೀನೇ ಬಾರಿಸ್ಬೇಕು. ಈಗ ಬಾ, ಅಭ್ಯಾಸಕ್ಕೆ ಎಲ್ಲಾ ಕಾಯ್ತಿದಾರೆ" ಎಂದ.

"ನಂಗೆ ಆಗಲ್ಲ."

"ಈಜು ಮರೆತೋಗುತ್ತೇನೋ?"

"ಹೋಗು, ಸರಪಳಿ ನಾನ್ ಎತ್ತುತೀನಿ" ಎಂದಳು ದೋನ್ಕಾ. ಅವನ ಅಂಗಿಯ ಕಾಲರನ್ನು ನೇರ ಮಾಡಿ, ಬೆನ್ನಿಗೆ ಕೈಹಚ್ಚಿ ತಳ್ಳಿದಳು.

ರಂಗಮಂದಿರದಲ್ಲಿ ಜನ ಕೂರುವ ಅಮೃತಶಿಲೆಯ ಮೆಟ್ಟಿಲುಗಳು ಖಾಲಿ ಬಿದ್ದಿದ್ದವು, ಬಿಸಿಲು ಇನ್ನೂ ಕಾಯುತ್ತಿತ್ತು. ಡ್ರಮ್ಮಿನ ಹಿಂದಿದ್ದ ಎತ್ತರದ ಜರ್ಮನ್ ಹುಡುಗಿ ಎದ್ದು, ಅವನ ಕೈ ಕುಲುಕಿ, ಕುರ್ಚಿಯ ಎತ್ತರವನ್ನು ತಾನೇ ಬಗ್ಗಿ ಸರಿಮಾಡಿಕೊಟ್ಟಳು. ಗರ್ಬಿಸ್ ಕೈ ಎತ್ತಿ ಇಳಿಸಿದ.

ಮೊದಲ ಕೆಲವು ಸುತ್ತು ಕೈಗೆ ನೆನಪಿತ್ತು. ತಕ ತಕ ತಕಿಟ ತಕ ತಕ. ಝಪ್ರಿಯಾನನ ಎದೆ ಹಿಗ್ಗಿತು. ಅಷ್ಟರಲ್ಲಿ ಬಲಗಾಲು ತಾನಾಗಿ ಇಳಿದು ಒಂದು ಪೆಟ್ಟು ಹೆಚ್ಚು ಹಾಕಿತು. ಮೂರು ಹೋಗಿ ನಾಲ್ಕಾಯಿತು. ಸ್ಯಾಕ್ಸೊಫೋನುಗಳು ಎಡವಿದವು, ಟ್ರಾಂಬೋನುಗಳು ನಿಂತವು. "ಪರವಾಗಿಲ್ಲ, ಇನ್ನೊಂದ್ಸಲ" ಎಂದ ಗರ್ಬಿಸ್. ಮತ್ತೆ ತೊಡಗಿದರು. ಈ ಬಾರಿ ಇನ್ನೂ ಬೇಗ ತಪ್ಪಿತು. ಎಡಕ್ಕಿದ್ದ ದೊಡ್ಡ ತಂತಿವಾದ್ಯದವನು ಏನು ನುಡಿಸುತ್ತಿದ್ದಾನೆಂದು ಅವನ ಎಡಗಿವಿಗೆ ಕೇಳುತ್ತಿರಲಿಲ್ಲ. ಕಾಲು ಮಾತ್ರ ಎಡ, ಬಲ, ಎಡ, ಬಲ ಎಂದು ತನ್ನ ಪಾಡಿಗೆ ನಡೆಯುತ್ತಿತ್ತು. ಹುಡುಗಿ ಪಕ್ಕದಲ್ಲಿ ಬಗ್ಗಿ, ಯಾರಿಗೂ ಕಾಣದಂತೆ ತಟ್ಟೆತಾಳದ ಅಂಚಿನ ಮೇಲೆ ಬೆರಳಿನಿಂದ ಪೆಟ್ಟು ಹಾಕಿಕೊಡುತ್ತಿದ್ದಳು. ಅವಳ ಬೆರಳನ್ನು ನೋಡುತ್ತಾ ಅವನಿಗೆ ಕೈಯೂ ತಪ್ಪಿತು. ಬ್ಯಾಂಡಿನವರು ಯಾರೂ ನಗಲಿಲ್ಲ, ಎಲ್ಲರೂ ತಂತಮ್ಮ ಹಾಳೆಗಳನ್ನು ನೋಡುತ್ತಾ ಕೂತರು.

ಝಪ್ರಿಯಾನ ಕಡ್ಡಿಗಳನ್ನು ಜೋಡಿಸಿ ಡ್ರಮ್ಮಿನ ಮೇಲಿಟ್ಟು ಎದ್ದ.

"ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡೋಣ" ಎಂದ ಗರ್ಬಿಸ್.

"ಬೇಡ."

"ಇವರಿಗೆಲ್ಲ ಇಷ್ಟು ವರ್ಷ ನಿನ್ನ ಕಥೆ ಹೇಳಿದೀನಿ ಕಣೋ."

"ಹೇಳ್ತಾ ಇರು. ಆ ಡ್ರಮ್ಮರ್ ಸತ್ತೋದ ಅಂತ ಕೊನೇಲಿ ಸೇರಿಸ್ಕೋ, ಜನಕ್ಕೆ ಇನ್ನೂ ಇಷ್ಟ ಆಗುತ್ತೆ" ಎಂದ ಝಪ್ರಿಯಾನ. ಅವನು ತಮಾಷೆಗೆ ಹೇಳಿದ್ದು. ಗರ್ಬಿಸ್ ನಗಲಿಲ್ಲ.

ಹೊರಟವನು ಮೇಲಿನ ಮೆಟ್ಟಿಲ ಸಾಲಿನವರೆಗೆ ಹತ್ತಿ, ಅಲ್ಲಿ ಕೂತ. ಕೆಳಗೆ ಹುಡುಗಿ ತನ್ನ ಜಾಗಕ್ಕೆ ಮರಳಿದ್ದಳು. ಕಲ್ಲುದಾರಿ ಮೊದಲಿನಿಂದ ಶುರುವಾಯಿತು. ಝಪ್ರಿಯಾನ ಬಲಗಿವಿಯನ್ನು ಅತ್ತ ತಿರುಗಿಸಿ, ಅವಳ ಕೈಯಲ್ಲಿ ತಪ್ಪು ಹುಡುಕತೊಡಗಿದ. ಸೋಫಿಯಾದ ಡ್ರಮ್ಮರನಂತೆ ಇವಳೂ ಆ ಮೂರರ ಹತ್ತಿರ ಓಡಿಬಿಡಬೇಕು, ಓಡೇ ಓಡುತ್ತಾಳೆ ಎಂದು ಕಾದ. ಅವಳು ಓಡಲಿಲ್ಲ. ಒಂದು ಕೂದಲೆಳೆಯಷ್ಟು ತಡೆದಳು, ಬ್ಯಾಂಡು ಅವಳೊಡನೆ ತಡೆಯಿತು, ಆಮೇಲೆ ಎಲ್ಲ ಒಟ್ಟಿಗೆ ಮುಂದೆ ಹೋಯಿತು. ಎಲ್ಲವೂ ಇರಬೇಕಾದಂತೆಯೇ ಇತ್ತು. ಅವನಿಲ್ಲದೆ ಅದಕ್ಕೆ ಯಾವ ಕೊರತೆಯೂ ಆಗಿರಲಿಲ್ಲ. ಕೃತಿ ಮುಗಿಯುವ ಮೊದಲೇ ಎದ್ದು ಮನೆಯ ದಾರಿ ಹಿಡಿದ.

ಅಷ್ಟರಲ್ಲಿ ದೋನ್ಕಾ ಮನೆಗೆ ಬಂದು, ಬಾಲ್ಕನಿಯಲ್ಲಿ ಚಳಿಗಾಲಕ್ಕೆಂದು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದಳು. ಅವನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ಸುಟ್ಟವುಗಳ ಸಿಪ್ಪೆ ಸುಲಿಯತೊಡಗಿದ.

"ಏನಾಯ್ತು?"

"ಅವರ ಡ್ರಮ್ಮರ್ ಹುಡುಗಿ ತುಂಬಾ ಚೆನ್ನಾಗಿದಾಳೆ."

ದೋನ್ಕಾ ಅವನ ಮುಖ ನೋಡಿದಳು. "ಬೀಜ ಪೂರ್ತಿ ತೆಗಿ, ಅರ್ಧ ಬಿಡ್ತಿದೀಯ" ಎಂದಳು. ಆ ಸಂಜೆ ಅವರು ಮನೆಯಿಂದ ಹೊರಗೆ ಹೋಗಲಿಲ್ಲ. ಮಾರನೆಯ ದಿನ ಗರ್ಬಿಸ್ ಬಂದು ಬಾಗಿಲು ತಟ್ಟಿದಾಗ ಝಪ್ರಿಯಾನ ಕಾವಲಿಗೆ ಹೋಗಿದ್ದ. ಗರ್ಬಿಸ್ ಒಂದು ದೊಡ್ಡ ಪೊಟ್ಟಣ ಕಾಫಿಪುಡಿಯನ್ನು ದೋನ್ಕಾಳ ಕೈಗಿಟ್ಟು, ಬಾಗಿಲಲ್ಲೇ ಅತ್ತು, ಹೊರಟುಹೋದ. ಅವಳು ಅದನ್ನು ಮೇಲ್ಮಹಡಿಯ ನೆರೆಯವಳಿಗೆ ಕೊಟ್ಟುಬಿಟ್ಟಳು. ಗಂಡನಿಗೆ ಹೇಳಲಿಲ್ಲ.

ಅದಾದ ಮೇಲೂ ಝಪ್ರಿಯಾನ ಕೆಲವು ವರ್ಷ ಬದುಕಿದ್ದ. ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಇನ್ನೊಂದು ಕಿವಿಯೂ ಹೋಯಿತು. ಕಾರು ಹಾರ್ನ್ ಮಾಡಿದ್ದು ಕೇಳದೆ ಸರಪಳಿ ಇಳಿಸುವುದು ತಡವಾಗಿ, ಆ ಕೆಲಸವೂ ಹೋಯಿತು. ಫೆಬ್ರುವರಿಯ ಒಂದು ಬೆಳಗ್ಗೆ ಷೂ ದಾರ ಕಟ್ಟಿಕೊಳ್ಳಲು ಬಗ್ಗಿದವನು ಹಾಗೇ ಪಕ್ಕಕ್ಕೆ ವಾಲಿದ.

ಸತ್ತವರ ಚಿತ್ರ ಹಾಕಿ ಬಾಗಿಲಿಗೂ ಮರಗಳಿಗೂ ಅಂಟಿಸುವ ಕಾಗದವನ್ನು ಮಾಡಿಸಲು ದೋನ್ಕಾ ಬೀದಿ ಮೂಲೆಯ ಮುದ್ರಣದಂಗಡಿಗೆ ಹೋದಳು. ಅಂಗಡಿಯವನು ಕಂಪ್ಯೂಟರಿನ ಮುಂದೆ ಕೂತು, ಹೆಸರು ಹುಟ್ಟಿದ ವರ್ಷ ಎಲ್ಲ ಹೊಡೆದುಕೊಂಡು ಕೇಳಿದ:

"ಹೆಸರಿನ ಕೆಳಗೆ ಏನು ಹಾಕ್ಲಿ ಅಜ್ಜಿ? ಏನಾಗಿದ್ರು ಅವರು?"

ದೋನ್ಕಾ ಕೈಚೀಲವನ್ನು ಎದೆಗೊತ್ತಿಕೊಂಡು ಯೋಚಿಸಿದಳು. ಅಂಗಡಿಯವನು ಕಾದ, ಹಿಂದೆ ಇನ್ನೊಬ್ಬರು ಬಂದು ನಿಂತರು.

"ತಂಬಾಕು ಕಾರ್ಮಿಕ ಅಂತ ಹಾಕಪ್ಪ" ಎಂದಳು.

"ಅಷ್ಟೇನಾ? ಇನ್ನೊಂದು ಸಾಲಿಗೆ ಜಾಗ ಇದೆ."

"ಅಷ್ಟೇ."

ಕಾಗದಗಳನ್ನು ತಂದು, ಒಂದನ್ನು ಮನೆಯ ಬಾಗಿಲಿಗೆ ಅಂಟಿಸಿದಳು. ಹೊರಗೆ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಒದ್ದೆ ಮರಗಳಿಗೆ ಅಂಟು ಹಿಡಿಯಲಿಲ್ಲ, ಉಳಿದವನ್ನು ಮಡಿಚಿ ಕೋಟಿನ ಜೇಬಿಗೆ ಹಾಕಿಕೊಂಡು ಒಳಗೆ ಬಂದಳು.